ಬ್ಯಾಸಿಗೆ ಹಾಕಿದ ಗಾಳ

ಆಲೂರಿನ ಬೇಕರಿಯಿಂದ ಫೋನ್ ಬಂದಾಗ ನಾನು ತೋಟದಲ್ಲಿ ಮೆಣಸಿನ ಬಳ್ಳಿ ನೋಡುತ್ತಿದ್ದೆ. "ನಿಮ್ದೊಂದು ಪಾರ್ಸೆಲ್ ಬಂದೈತೆ. ಉದ್ದಕ್ಕೈತೆ. ಬೇಗ ಬಂದು ತಗೊಂಡ್ಹೋಗಿ" ಎಂದರು. ಕೊನೆಯ ಮಾತಿನಲ್ಲಿ ಏನೋ ಗಾಬರಿ ಇತ್ತು.

ನಮ್ಮ ಗುಡ್ಡದ ಮನೆಗಳವರೆಗೆ ಕೊರಿಯರ್ ಹುಡುಗರು ಬರುವುದಿಲ್ಲ. ದಾರಿಯಲ್ಲಿ ಆನೆ ಇರಬಹುದು ಎನ್ನುತ್ತಾರೆ. ಎಷ್ಟೋ ಸಲ ಇರುತ್ತದೆ ಕೂಡ. ಹಾಗಾಗಿ ಬೇಕರಿಯೇ ನಮ್ಮ ಅಂಚೆ ಕಚೇರಿ. ಅದು ಚುನಾವಣೆಯ ಕಾಲ. ಲೈಸೆನ್ಸಿನ ಕೋವಿಗಳನ್ನೆಲ್ಲ ಪೊಲೀಸ್ ಠಾಣೆಗೆ ಒಪ್ಪಿಸಿ ತೋಟದವರೆಲ್ಲ ರಸೀದಿ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದ ದಿನಗಳು. ಅಂಥ ಹೊತ್ತಿನಲ್ಲಿ ನನ್ನ ಹೆಸರಿಗೆ ನಾಲ್ಕಡಿ ಉದ್ದದ ಕೊಳವೆಯೊಂದು ಬಂದು ಬ್ರೆಡ್ಡಿನ ಕಪಾಟಿಗೆ ಒರಗಿ ನಿಂತಿತ್ತು. ಚಹಾ ಕುಡಿಯುತ್ತಿದ್ದ ಆರು ಜನ ಎದ್ದು ಸುತ್ತ ನಿಂತರು.

"ಹೊಸದಾ?"

"ಜೋಡಿ ನಳಿಗೇನಾ?"

"ಗಾಳದ ಕಡ್ಡಿ" ಎಂದೆ. ಯಾರೂ ನಂಬಲಿಲ್ಲ. ವಾಟೆ ಬಿದಿರು ಬೇಲಿಗೊಂದರಂತೆ ಬೆಳೆಯುವ ಸೀಮೆಯಲ್ಲಿ ಗಾಳದ ಕಡ್ಡಿಯನ್ನು ಅಮೆರಿಕದಿಂದ ತರಿಸುವವನು ಇದ್ದಾನೆ ಎಂದು ನಂಬುವುದಕ್ಕಿಂತ, ಇವನೇನೋ ಕಳ್ಳ ಕೋವಿ ತರಿಸಿದ್ದಾನೆ ಎಂದು ನಂಬುವುದೇ ಅವರಿಗೆ ಸುಲಭವಾಗಿತ್ತು. ಅಲ್ಲೇ ಬಿಚ್ಚಿ ತೋರಿಸಿದೆ. ಎರಡು ತುಂಡು ಸೇರಿಸಿದರೆ ಏಳಡಿ ಉದ್ದದ, ಹಾಗಲಬಳ್ಳಿಯ ಕುಡಿಯಷ್ಟು ತೆಳ್ಳಗಿನ ಕಡ್ಡಿ. ಆರೂ ಜನ ಮಾತಿಲ್ಲದೆ ಹೋಗಿ ಕೂತು ಆರಿದ ಚಹಾ ಮುಗಿಸಿದರು. ಕೋವಿ ತಂದಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು.

ಇಷ್ಟಕ್ಕೆಲ್ಲ ಕಾರಣ ನನ್ನ ಭಾಮೈದ. ಟೆಕ್ಸಾಸಿನಲ್ಲಿದ್ದಾನೆ. ವಾರಕ್ಕೆ ಐದು ದಿನ ಕಂಪ್ಯೂಟರ್, ಶನಿವಾರ ಬ್ಯಾಸ್ ಎಂಬ ಮೀನು. ಹೋದ ವರ್ಷ ಮದುವೆಯೊಂದಕ್ಕೆ ಬಂದವನು ಮೂರು ದಿನ ನಮ್ಮ ಜಗಲಿಯಲ್ಲಿ ಕೂತು ಫೋನಿನಲ್ಲಿ ಆ ಮೀನಿನ ಚಿತ್ರ ತೋರಿಸಿದ. ದೊಡ್ಡ ಬಾಯಿ, ಹಸಿರು ಮೈ, ಸದಾ ಯಾರ ಮೇಲೋ ಮುನಿಸಿಕೊಂಡ ಮುಖ. "ಭಾವ, 1932ರಲ್ಲಿ ಜಾರ್ಜಿಯಾದಲ್ಲಿ ಜಾರ್ಜ್ ಪೆರಿ ಅನ್ನೋನು 22 ಪೌಂಡಿಂದು ಹಿಡಿದ. ಅದನ್ನ ಸರಿಗಟ್ಟೋಕೆ 2009ರವರೆಗೆ ಆಗ್ಲಿಲ್ಲ, ಜಪಾನಿನ ಬೀವಾ ಸರೋವರದಲ್ಲಿ ಒಬ್ಬ ಸರಿಗಟ್ಟಿದ" ಎಂದ. ನಾನೂ ಬಿಡಲಿಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತು, ನಿಮ್ಮ ಬ್ಯಾಸಿನ ಐದು ಪಟ್ಟು, ಎಂದೆ. ನಾನೇ ಹಿಡಿದಿದ್ದೇನೋ ಎಂಬಂತೆ ಎದೆಯುಬ್ಬಿತ್ತು. "ನೀವು ಹಿಡಿದಿದ್ದು ಎಷ್ಟು ತೂಗ್ತಿತ್ತು ಭಾವ?" ಎಂದ. ಒಳಗಿನಿಂದ ನನ್ನ ಹೆಂಡತಿ, "ಅವರು ಹಿಡಿದಿದ್ದು ನನ್ನೊಬ್ಬಳನ್ನೇ, ಐವತ್ತೆಂಟು ಕೆಜಿ" ಎಂದಳು.

ನಿಜ ಹೇಳಬೇಕೆಂದರೆ ರೋಗ ಹಳೆಯದು, ಭಾಮೈದ ಕೆರಳಿಸಿದ್ದಷ್ಟೆ. ಪಕ್ಕದ ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿ ಗಾಳ ಹಿಡಿದು ಹೊಳೆ ದಂಡೆಯಲ್ಲಿ ಕೂತು ಬರೆದದ್ದನ್ನೆಲ್ಲ ಕಾಲೇಜಿನಲ್ಲೇ ಓದಿ ಕೆಟ್ಟವನು ನಾನು. ಅವರು ಕೂತಲ್ಲಿ ಮೀನು ಸಿಗದಿದ್ದರೂ ಒಂದು ಕತೆ ಸಿಗುತ್ತಿತ್ತು. ನಾನು ಕೂತಲ್ಲಿ ಇಂಬಳ ಮಾತ್ರ ಸಿಕ್ಕಿತ್ತು; ಅದೂ ನಾನು ಅದಕ್ಕೆ ಸಿಕ್ಕಿದ್ದು.

ಭಾಮೈದ ಹೇಳಿಕೊಟ್ಟ ವಿದ್ಯೆಗೆ ಡ್ರಾಪ್ ಶಾಟ್ ಎಂದು ಹೆಸರು. ನಮ್ಮ ಗಾಳದ ಕ್ರಮ ಎಲ್ಲರಿಗೂ ಗೊತ್ತು: ಮೇಲೆ ಬೆಂಡು, ನಡುವೆ ಸೀಸದ ಗುಂಡು, ತುದಿಯಲ್ಲಿ ಗಾಳ, ಗಾಳದಲ್ಲಿ ಎರೆಹುಳ. ಇದು ಅದರ ತಲೆಕೆಳಗು. ದಾರದ ಕಟ್ಟಕಡೆಗೆ ಗುಂಡು. ಅದಕ್ಕಿಂತ ಒಂದು ಗೇಣೋ ಒಂದು ಮೊಳವೋ ಮೇಲೆ, ದಾರದ ನಡುವೆಯೇ ಗಂಟು ಹಾಕಿ ನಿಲ್ಲಿಸಿದ ಗಾಳ. ಗುಂಡು ತಳ ಮುಟ್ಟಿ ಕೂರುತ್ತದೆ, ಹುಳ ಅದರ ಮೇಲೆ ನೀರಿನಲ್ಲಿ ತೂಗುತ್ತದೆ. ಗುಂಡು ಜರುಗದಂತೆ ದಾರವನ್ನಷ್ಟೇ ತುಸು ನಡುಗಿಸಿದರೆ ಹುಳ ಇದ್ದಲ್ಲೇ ಕುಣಿಯುತ್ತದೆ. ಓಡಾಡುವ ಆಮಿಷಗಳನ್ನು ನೋಡಿ ನೋಡಿ ಬೇಸತ್ತ ಬ್ಯಾಸುಗಳನ್ನು ಮರುಳು ಮಾಡಲು ಜಪಾನಿನವರು ರೂಢಿಗೆ ತಂದ ಉಪಾಯವಂತೆ. 1990ರ ದಶಕದ ಕೊನೆಗೆ ಅಮೆರಿಕಕ್ಕೆ ದಾಟಿತಂತೆ. ಮೀನು ಕಚ್ಚಿದಾಗ ನಮ್ಮವರ ಹಾಗೆ ಮೈಯೆಲ್ಲ ಸೆಟೆದು ಎಳೆಯಬಾರದು. ಸಡಿಲ ದಾರ ಸುತ್ತಿಕೊಂಡು ಮೆಲ್ಲಗೆ ಎತ್ತಬೇಕು, ಸಣ್ಣ ಗಾಳ ತಾನಾಗಿ ನಾಟಿಕೊಳ್ಳುತ್ತದೆ. ಗುಂಡಿನ ತಲೆಯಲ್ಲಿ ದಾರವನ್ನು ಕಚ್ಚಿಸುವ ಸಣ್ಣ ಕಿಂಡಿ. ಕಲ್ಲುಸಂದಿಗೆ ಸಿಕ್ಕರೆ ಗುಂಡು ಮಾತ್ರ ಕಳಚಿಕೊಂಡು ಗಾಳ ಉಳಿಯುತ್ತದೆ.

ಇದನ್ನೆಲ್ಲ ಅವ್ವನಿಗೆ ವಿವರಿಸಿದೆ. "ಗುಂಡು ಕೆಳಗೆ, ಗಾಳ ಮೇಲೆ ಕಣವ್ವ."

"ಹಂಗಾರೆ ಮೀನೂ ಬಾಲದಲ್ಲಿ ಕಚ್ಚತದೇನ್ಲಾ?" ಎಂದಳು.

ತೋಟದ ರೈಟರ್ ಇನ್ನೂ ಮುಂದೆ ಹೋದರು. ನಾಲ್ಕೆಕರೆ ಕಾಫಿ ಇದ್ದವನನ್ನೂ ಸಾವ್ಕಾರ್ರೇ ಎಂದು ಕರೆಯುವ ಊರು ನಮ್ಮದು. "ಯಾವ ಮೀನಂದ್ರಿ ಸಾವ್ಕಾರ್ರೇ? ಬ್ಯಾಸ್ಗೆ ಮೀನಾ? ಬ್ಯಾಸ್ಗೇಲಿ ಹೊಳೇಲಿ ನೀರೇ ಇರಲ್ವಲ್ಲ" ಎಂದರು. ಬ್ಯಾಸಿಗೆಯಲ್ಲ ಬ್ಯಾಸ್ ಎಂದೆ. "ಅದೇ, ನಾನೂ ಅದ್ನೇ ಅಂದಿದ್ದು" ಎಂದರು. ಅಂದಿನಿಂದ ಲೈನ್ ಮನೆಗಳಲ್ಲಿ ನನ್ನ ಇಡೀ ಉದ್ಯಮಕ್ಕೆ 'ಸಾವ್ಕಾರ್ರ ಬ್ಯಾಸ್ಗೆ ಮೀನು' ಎಂದೇ ಹೆಸರಾಯಿತು.

ಪಾರ್ಸೆಲ್ಲಿನ ಒಳಗೆ ಒಂದು ಪ್ಲಾಸ್ಟಿಕ್ ಪೆಟ್ಟಿಗೆ. ಅದರಲ್ಲಿ ಖಾನೆ ಖಾನೆಗೆ ಗಾಳ, ಗುಂಡು, ಕಣ್ಣಿಗೆ ಕಾಣದಂಥ ತಂಗೂಸಿ ದಾರ, ಮತ್ತು ಹುಳಗಳು. ರಬ್ಬರಿನಂಥ ಮೆತ್ತನೆಯ ಪ್ಲಾಸ್ಟಿಕ್ಕಿನ ಬಣ್ಣಬಣ್ಣದ ಎರೆಹುಳಗಳು. ಬಿಸಿಲಿಗೆ ಕರಗೀತು ಎಂದು ಫ್ರಿಜ್ಜಿನ ಬಾಗಿಲಿನಲ್ಲಿ ಇಟ್ಟೆ. ಬೆಳಿಗ್ಗೆ ಅಡುಗೆಮನೆಯಿಂದ ಕಿರುಚಿದ ಸದ್ದು ಕೇಳಿ ಓಡಿದರೆ ಹೆಂಡತಿ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಅವ್ವ ಮಾತ್ರ ಪೊಟ್ಟಣವನ್ನು ಮೂಸಿ ನೋಡುತ್ತಿದ್ದಳು.

"ಬೆಳ್ಳುಳ್ಳಿ ವಾಸ್ನೆ ಬತ್ತದಲ್ಲೋ."

ಹೌದು, ಅಮೆರಿಕದವರು ಈ ಹುಳಗಳಿಗೆ ಉಪ್ಪು, ಬೆಳ್ಳುಳ್ಳಿ ಸೇರಿಸುತ್ತಾರೆ, ಆ ರುಚಿಗೆ ಮೀನು ಕಚ್ಚಿ ಬಿಡುವುದಿಲ್ಲವಂತೆ ಎಂದೆ.

"ಹುಳಕ್ಕೂ ಒಗ್ಗರಣೆ ಹಾಕ್ತಾರಾ!" ಎಂದು ಅವ್ವ ಪೊಟ್ಟಣವನ್ನು ಜಾಗ್ರತೆಯಾಗಿ ಉಪ್ಪಿನಕಾಯಿಯ ಪಕ್ಕದಲ್ಲೇ ಇಟ್ಟಳು. ಅವಳ ಲೆಕ್ಕದಲ್ಲಿ ಅದು ಅಡುಗೆಯ ಸಾಮಾನು. ಫ್ರಿಜ್ಜಿನಲ್ಲಿ ಹುಳ ಇರಬೇಕೋ ತಾನು ಮನೆಯಲ್ಲಿರಬೇಕೋ ಎಂದು ಹೆಂಡತಿ ಕೇಳಿದ ಮೇಲೆ ಹುಳಗಳು ಕಾಫಿ ಗೋಡೌನಿಗೆ ಹೋದವು. ನಮ್ಮ ಮನೆಯಲ್ಲಿ ಬ್ಯಾಸ್ ಇರಲಿಲ್ಲ, ಬಾಸ್ ಇದ್ದಳು.

ಇನ್ನು ಗಂಟು. ಈ ವಿದ್ಯೆಯ ಜೀವ ಇರುವುದೇ ಗಂಟಿನಲ್ಲಿ. ದಾರವನ್ನು ಎರಡು ಮಡಿಕೆ ಮಾಡಿ ಗಾಳದ ಕಣ್ಣಿನೊಳಗೆ ತೂರಿಸಬೇಕು, ಒಂದು ಸಾದಾ ಗಂಟು ಹಾಕಬೇಕು, ಉಳಿದ ಕುಣಿಕೆಯೊಳಗಿನಿಂದ ಇಡೀ ಗಾಳವನ್ನು ದಾಟಿಸಬೇಕು, ಎಂಜಲು ಹಚ್ಚಿ ಬಿಗಿಯಬೇಕು. ಆಮೇಲೆ ಉಳಿದ ಉದ್ದನೆಯ ತುದಿಯನ್ನು ಗಾಳದ ಮೊನೆಯ ಕಡೆಯಿಂದ ಮತ್ತೆ ಕಣ್ಣಿನೊಳಗೆ ಇಳಿಸಿದರೆ ಗಾಳ ದಾರಕ್ಕೆ ಅಡ್ಡಲಾಗಿ, ಮೊನೆ ಮೇಲೆ ಮಾಡಿ, ನೆಟ್ಟಗೆ ನಿಲ್ಲುತ್ತದೆ. ಪಾಲೊಮಾರ್ ಗಂಟು ಎನ್ನುತ್ತಾರೆ. ಹೇಳುವಾಗ ನಾಲ್ಕು ಮಾತು. ನಾನು ನಾಲ್ಕು ರಾತ್ರಿ ಕೂತೆ. ಮೊದಲ ರಾತ್ರಿ ಗಾಳಕ್ಕೆ ಬಿದ್ದದ್ದು ಸೋಫಾದ ಹೊದಿಕೆ. ಎರಡನೆಯ ರಾತ್ರಿ ನನ್ನದೇ ಪಂಚೆ. ಅದನ್ನು ಬಿಡಿಸಲಾಗದೆ ಪಂಚೆಯನ್ನೇ ಬಿಟ್ಟು ಮಲಗಬೇಕಾಯಿತು. ಮೂರನೆಯ ರಾತ್ರಿ ಗಂಟು ಬಿತ್ತು, ಎಳೆದಾಗ ಜಾರಿತು. ನಾಲ್ಕನೆಯ ರಾತ್ರಿ ಅವ್ವ ಎಲೆ ಅಡಿಕೆ ತಟ್ಟೆ ಪಕ್ಕಕ್ಕಿಟ್ಟು, "ಕೊಡಿಲ್ಲಿ" ಎಂದು ಇಸಿದುಕೊಂಡು, ಕನ್ನಡಕವೂ ಇಲ್ಲದೆ, ಒಂದೇ ಸಲಕ್ಕೆ ಹಾಕಿ ಕೊಟ್ಟಳು.

"ಕರುವಿನ ಕಣ್ಣಿಗೆ ಹಾಕೋ ಗಂಟಲ್ವೇನ್ಲಾ ಇದು. ಅದ್ಯಾಕೆ ಅಮೇರಿಕಕ್ಕೆ ಹೋಗ್ಬೇಕಿತ್ತು?"

ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದುವ ಮಗಳಿಗೆ ಫೋನ್ ಮಾಡಿದೆ. 1969ರಿಂದ ಮೀನಿನ ಪಾಠ ಹೇಳುತ್ತಿರುವ ಕಾಲೇಜು. ನನ್ನ ಉತ್ಸಾಹಕ್ಕೆ ಅಲ್ಲಾದರೂ ಬೆಲೆ ಸಿಕ್ಕೀತು ಎಂಬ ಆಸೆ.

"ಅಪ್ಪ, ಬ್ಯಾಸ್ ಅಮೆರಿಕದ ಮೀನು. ಹೇಮಾವತಿಯಲ್ಲಿ ಎಲ್ಲಿಂದ ಬರುತ್ತೆ?"

"ನಿಮ್ಮ ಮಾವನಿಗೆ ಹೇಳಿ ನಾಲ್ಕು ಮರಿ ತರಿಸಿ ನಮ್ಮ ಕೆರೆಗೆ ಬಿಟ್ಟರೆ?"

ಅತ್ತ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಅರ್ಧ ಗಂಟೆ ಪಾಠ. 1925ರಲ್ಲಿ ಜಪಾನಿನ ಆಶಿ ಸರೋವರಕ್ಕೆ ಹೀಗೇ ಯಾರೋ ಆಸೆಪಟ್ಟು ತಂದು ಬಿಟ್ಟರಂತೆ. ಅದು ಊರೂರ ಕೆರೆಗೆ ಹಬ್ಬಿ ಅಲ್ಲಿನ ಸಣ್ಣ ಮೀನುಗಳನ್ನು ನುಂಗಿ, ಕಡೆಗೆ 2005ರಲ್ಲಿ ಜೀವಂತ ಬ್ಯಾಸನ್ನು ಸಾಗಿಸುವುದೇ ಅಪರಾಧ ಎಂದು ಕಾನೂನು ತರಬೇಕಾಯಿತಂತೆ. "ನಮಗೆ 1952ರಲ್ಲಿ ಬಂದ ಜಿಲೇಬಿ ಮೀನೇ ಸಾಕಾಗಿದೆ. ಇನ್ನು ಬ್ಯಾಸ್ ಬಂದರೆ ನಿಮ್ಮ ಗೊಜ್ಜಲೆ ಮೀನಿನ ಸಾರು ಮರೆತುಬಿಡಿ" ಎಂದಳು. ಹೊರಗಿನಿಂದ ಬಂದವರು ಮನೆ ಹಾಳು ಮಾಡುವ ಕತೆಯನ್ನು ಪಕ್ಕದಲ್ಲಿ ಕೂತು ಕೇಳುತ್ತಿದ್ದ ಅವ್ವ ತಲೆಯಾಡಿಸಿ ಅಡುಗೆಮನೆಯ ಕಡೆ ನೋಡಿದಳು. ಅದರ ಕಾರಣ ಮುಂದೆ ಹೇಳುತ್ತೇನೆ.

ಬ್ಯಾಸ್ ಇಲ್ಲದಿದ್ದರೇನು, ಕಡ್ಡಿ ಇದೆಯಲ್ಲ. ಮೊದಲ ಪ್ರಯೋಗ ತೋಟದ ಕೆರೆಯಲ್ಲಿ. ಕಾಫಿಗೆ ನೀರು ಹೊಡೆಯಲು ತೆಗೆಸಿದ್ದು, ಒಂದಿಷ್ಟು ಕಾಟ್ಲಾ, ರೋಹು, ಮೃಗಾಲ್ ಮರಿ ಬಿಟ್ಟಿದ್ದೆ. ಮೊದಲ ಎಸೆತ ಹಿಂದಿನ ಸಿಲ್ವರ್ ಓಕ್ ಮರಕ್ಕೆ. ಎರಡನೆಯದೂ ಅದೇ ಮರಕ್ಕೆ, ಇನ್ನೂ ಎರಡಡಿ ಮೇಲೆ, ಅಂದರೆ ಸುಧಾರಿಸುತ್ತಿದ್ದೆ. ಮೂರನೆಯದು ನೀರಿಗೆ ಬಿತ್ತು. ಗುಂಡು ತಳ ಮುಟ್ಟಿದ್ದು ಬೆರಳಿಗೆ ಸ್ಪಷ್ಟವಾಗಿ ತಿಳಿಯಿತು. ಭಾಮೈದ ಹೇಳಿದ ಹಾಗೆ ದಾರ ನಡುಗಿಸಿದೆ. ಐದು ನಿಮಿಷ ನಡುಗಿಸುವ ಹೊತ್ತಿಗೆ ಕೈ ತಾನಾಗಿ ನಡುಗತೊಡಗಿತು, ಆಮೇಲೆ ಕಷ್ಟವಾಗಲಿಲ್ಲ. ಮೂರು ಗಂಟೆ ಕಳೆದ ಮೇಲೆ ಏನೋ ಹಿಡಿದು ಎಳೆಯಿತು. ಸೆಟೆಯದೆ ಮೆಲ್ಲಗೆ ಎತ್ತಿದೆ. ಒಂದು ಏಡಿ. ಹುಳವನ್ನು ಅಪ್ಪಿ ಹಿಡಿದು ನೀರಿನ ಮೇಲಿನವರೆಗೂ ಬಂದು, ನನ್ನ ಮುಖ ನೋಡಿ, ಅರ್ಧ ಹುಳ ಕತ್ತರಿಸಿಕೊಂಡು ವಾಪಸ್ ಹೋಯಿತು. ಉಪ್ಪು, ಬೆಳ್ಳುಳ್ಳಿ ಹದವಾಗಿತ್ತೆಂದು ಕಾಣುತ್ತದೆ.

ರಾತ್ರಿ ಮಗಳು ಬಿಡಿಸಿ ಹೇಳಿದಳು. "ನಮ್ಮ ಕೆರೆ ಮೂರಂತಸ್ತಿನ ಮನೆ ಅಪ್ಪ. ಮೇಲಂತಸ್ತಿನ ಕಾಟ್ಲಾ ಕಣ್ಣಿಗೆ ಕಾಣದ ಜೀವಿಗಳನ್ನ ಸೋಸಿ ತಿನ್ನುತ್ತೆ. ನಡುವಿನ ರೋಹುಗೆ ಪಾಚಿ, ಸೊಪ್ಪುಸದೆ. ಕೆಳಗಿನ ಮೃಗಾಲ್‌ಗೆ ತಳದಲ್ಲಿ ಕೊಳೆತಿದ್ದು. ಅಂಥ ಮನೆ ಬಾಗಿಲಿಗೆ ಹೋಗಿ ನೀವು ಮಾಂಸ ಬೇಕಾ ಮಾಂಸ ಅಂತ ಕೂಗ್ತಿದೀರಿ." ಬೇಟೆಯಾಡಿ ತಿನ್ನುವ ಮೀನು ಬೇಕಿದ್ದರೆ ಕೊರವ ಮೀನು ಇದೆ. ಆದರೆ ಅದು ಜೊಂಡಿನಲ್ಲಿ ಅಡಗಿ ಕೂತು, ಆಗಾಗ ಮೇಲೆ ಬಂದು ಗಾಳಿ ಕುಡಿದು ಹೋಗುವ ಪ್ರಾಣಿ. ಅದಕ್ಕೆ ಮೇಲೆ ತೇಲುವ ಕಪ್ಪೆಯಂಥದ್ದು ಬೇಕು. ನನ್ನ ಹತ್ತಿರ ಇದ್ದದ್ದು ತಳ ಮುಟ್ಟುವ ವಿದ್ಯೆ.

ಹೊಳೆಯ ಆಳಕ್ಕೆ ಹೋಗೋಣವೆಂದರೆ ಅವ್ವನ ಕಟ್ಟಪ್ಪಣೆಗಳು. ಕಾವೇರಿಯ ರಾಮನಾಥಪುರದ ಕಡೆ ಗಾಳ ಹಿಡಿದು ತಲೆಯಿಟ್ಟೂ ಮಲಗಬಾರದು. ಅಲ್ಲಿ ದೇವಸ್ಥಾನದ ಮುಂದಿನ ಮೀನುಗಳನ್ನು ಯಾರೂ ಮುಟ್ಟುವುದಿಲ್ಲ, ಪುರಿ ಹಾಕಿ ಕೈಮುಗಿಯುತ್ತಾರೆ. "ಅಲ್ಲಿ ದೇವರು, ಇಲ್ಲಿ ಸಾರು" ಎಂದು ಅವ್ವ ಸ್ಪಷ್ಟವಾಗಿ ಗಡಿ ಗುರುತು ಮಾಡಿದ್ದಾಳೆ. ಕಾವೇರಿಯ ಡುಬ್ಬದ ಮಹಶೀರ್ ಅಳಿವಿನ ಅಂಚು ತಲುಪಿದೆ ಎಂದು 2018ರಲ್ಲಿ ಕೆಂಪು ಪಟ್ಟಿಯಲ್ಲಿ ಸೇರಿಸಿದ ಮೇಲೆ ನೋಡಿದರೆ ಅವ್ವನ ಗಡಿಯೇ ಸರಿ. ಉಳಿದದ್ದು ಗೊರೂರಿನ ಹಿನ್ನೀರು.

ಗೊರೂರು ರಾಮಸ್ವಾಮಿ ಅಯ್ಯಂಗಾರರು ಅಮೆರಿಕ ನೋಡಿಬಂದು 'ಅಮೆರಿಕಾದಲ್ಲಿ ಗೊರೂರು' ಬರೆದರು. 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಾನು ಅಮೆರಿಕವನ್ನೇ ಹೆಗಲ ಮೇಲೆ ಹೊತ್ತು ಗೊರೂರಿನ ನೀರಿಗೆ ಹೋದೆ, ಸೊಂಟನೋವು ಬಂತು. ಹೊರಡುವಾಗ ಅವ್ವ, "ನಾನೂ ಬತ್ತೀನಿ, ನೀರು ಇಳಿದೈತಂತೆ" ಎಂದು ಜೀಪು ಹತ್ತಿದಳು. ಅವಳ ತವರು ಅಲ್ಲೇ. ಅಲ್ಲೇ ಎಂದರೆ ನೀರಿನೊಳಗೆ. 1979ರಲ್ಲಿ ಅಣೆಕಟ್ಟು ಮುಗಿದು ಹೇಮಾವತಿ ಹಿಂದಕ್ಕೆ ಹರಡಿಕೊಂಡಾಗ ಮುಳುಗಿದ ಊರುಗಳಲ್ಲಿ ಅದೂ ಒಂದು. ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಶೆಟ್ಟಿಹಳ್ಳಿಯ ಇಗರ್ಜಿ ಅರ್ಧ ಮುಳುಗಿ ನಿಲ್ಲುವುದನ್ನು ನೋಡಲು ಬೆಂಗಳೂರಿನಿಂದೆಲ್ಲ ಜನ ಕ್ಯಾಮೆರಾ ಹಿಡಿದು ಬರುತ್ತಾರೆ. ಅವ್ವನ ಊರಿಗೆ ಗೋಪುರ ಇರಲಿಲ್ಲ. ಆದ್ದರಿಂದ ಫೋಟೋವೂ ಇಲ್ಲ.

ಹಿನ್ನೀರಿನಲ್ಲಿ ಇಲಾಖೆಯ ಪರವಾನಗಿ ಇರುವ ಮೀನುಗಾರರೊಬ್ಬರನ್ನು ಗೊತ್ತುಮಾಡಿದ್ದೆ. ಅವರು ನನ್ನ ಪೆಟ್ಟಿಗೆ ತೆಗೆದು ನೋಡಿ, "ತೆಪ್ಪ ಹತ್ತಬ್ಯಾಡಿ ಗೌಡ್ರೆ. ತಳಕ್ಕೆ ಹಾಕಿರೋದು ಪ್ಲಾಸ್ಟಿಕ್ ಚೀಲ. ನಿಮ್ಮ ಗಾಳ ಒಂದು ತಾಗಿದ್ರೆ ಇಬ್ರೂ ಒಳಕ್ಕೆ" ಎಂದು ದಂಡೆಯಲ್ಲೇ ಬಿಟ್ಟು ಬಲೆ ಬಿಡಲು ಹೋದರು. ನಾನು ದಂಡೆಯಿಂದ ಎಸೆದೆ. ಅವ್ವ ಒಂದು ಬಂಡೆಯ ಮೇಲೆ ಕೂತು ನೀರಿನ ಮೇಲೆ ಬೆರಳು ಆಡಿಸುತ್ತಾ ದಾರಿ ಹೇಳತೊಡಗಿದಳು.

"ಅಕೋ, ಅಲ್ಲಿ ಹುಣಸೆ ಮರ. ಅದರಿಂದ ಈ ಕಡೀಕೆ ನಮ್ಮ ಕಣ. ಇನ್ನೊಂಚೂರು ಬಲಕ್ಕೆ ಹಾಕು, ಬೀದಿ ಸಿಕ್ತದೆ."

ಬೀದಿಗೆ ಹಾಕಿದೆ. ಗುಂಡು ತಳ ಮುಟ್ಟಿತು. "ಮುಟ್ತಾ?" ಎಂದಳು. ಮುಟ್ಟಿತು ಎಂದೆ. "ಮೆತ್ತಗೈತಾ, ಗಟ್ಟಿಗೈತಾ?" ಗಟ್ಟಿ ಎಂದೆ. "ಹಂಗಾರೆ ನಮ್ಮಪ್ಪನ ಜಗಲಿ" ಎಂದು ಸುಮ್ಮನಾದಳು. ಐವತ್ತು ವರ್ಷದ ಹಿಂದೆ ಎದ್ದುಬಂದ ಜಗಲಿಯ ಸುದ್ದಿಯನ್ನು ಏಳಡಿ ಅಮೆರಿಕದ ಕಡ್ಡಿಯ ತುದಿಯಿಂದ ಅವಳಿಗೆ ಓದಿ ಹೇಳುತ್ತಾ ಕೂತೆ. ಮೀನಿನ ನೆನಪು ಇಬ್ಬರಿಗೂ ಹೋಗಿತ್ತು.

ಮುಂದಿನ ಎಸೆತದಲ್ಲಿ ಗುಂಡು ಎಲ್ಲೋ ಸಿಕ್ಕಿಕೊಂಡಿತು. ಎಡಕ್ಕೆ ಎಳೆದೆ, ಬಲಕ್ಕೆ ಎಳೆದೆ, ಬರಲಿಲ್ಲ. ಅವ್ವ ಕಣ್ಣು ಕಿರಿದು ಮಾಡಿ ನೋಡಿದಳು. "ದೊಡ್ಡಪ್ಪನ ಮನೆ ಮೇಲೆ ಬಿದ್ದೈತೆ. ಬುಟ್ಬುಡ್ಲಾ, ಅವ್ರು ಹಿಡಿದದ್ದ ಬಿಟ್ಟೋರಲ್ಲ." ಜೋರಾಗಿ ಎಳೆದಾಗ ಗುಂಡು ಕಳಚಿ ಗಾಳ ವಾಪಸ್ ಬಂತು. ಭಾಮೈದ ಹೇಳಿದ್ದು ಇದೊಂದು ಸರಿಯಾಗಿತ್ತು.

ವಾಪಸ್ ಬರುವಾಗ ಫೋನಿಗೆ ಮೆಸೇಜು: ನಮ್ಮ ದಾರಿಯ ತೋಟದಲ್ಲಿ ಆನೆ ಹಿಂಡು, ಯಾರೂ ಬರಬೇಡಿ. ರಸ್ತೆ ಬದಿ ಎರಡು ಗಂಟೆ ಜೀಪಿನಲ್ಲೇ ಕೂತೆವು. ಕತ್ತಲಲ್ಲಿ ಅವ್ವ ಹಳೆಯ ಪುರಾಣ ತೆಗೆದಳು. ತವರಿನಿಂದ ಅವಳು ತಂದದ್ದು ಒಂದು ಹಿತ್ತಾಳೆ ಚೊಂಬು. ದೇವರ ನೀರಿಗೆ ಅದೇ. ನನ್ನ ಮದುವೆಯಾದ ಮೂರನೆಯ ಬೇಸಿಗೆ ಅದು ಬಾವಿಗೆ ಬಿತ್ತು. ಸೇದುತ್ತಿದ್ದವಳು ನನ್ನ ಹೆಂಡತಿ. ನಲ್ಲಿ ನೀರಿನ ಮನೆಯಿಂದ ಬಂದ ಹುಡುಗಿ, ಹಗ್ಗವನ್ನು ರಭಸದಿಂದ ಎಳೆದಳು, ಕಡಿದುಹೋಯಿತು. ಇದು ಮನೆಯ ಅಧಿಕೃತ ಇತಿಹಾಸ. ಹತ್ತೊಂಬತ್ತು ವರ್ಷದಿಂದ ಪ್ರತಿ ಹಬ್ಬಕ್ಕೂ ಸ್ಟೀಲಿನ ಚೊಂಬು ಕೈಗೆತ್ತಿಕೊಂಡಾಗ ಅವ್ವ ಒಂದು ನಿಟ್ಟುಸಿರು ಬಿಡುತ್ತಾಳೆ, ನನ್ನ ಹೆಂಡತಿ ಒಂದು ಪಾತ್ರೆ ಕುಕ್ಕುತ್ತಾಳೆ, ನಾನು ತೋಟಕ್ಕೆ ಹೋಗುತ್ತೇನೆ.

"ಊರೂ ನೀರಲ್ಲಿ, ಊರಿಂದ ತಂದ ಚೊಂಬೂ ನೀರಲ್ಲಿ" ಎಂದಳು ಅವ್ವ.

ಆಗ ಹೊಳೆಯಿತು. ನನ್ನ ಹತ್ತಿರ ಇರುವುದು ತಳ ಮುಟ್ಟಿ, ತಳದಿಂದ ಒಂದು ಗೇಣು ಮೇಲೆ ಗಾಳ ನಿಲ್ಲಿಸುವ ವಿದ್ಯೆ. ಮೇಲಿನಿಂದ ನೇರ ಕೆಳಕ್ಕೆ ಬಿಡುವಾಗ ಇದರಷ್ಟು ಚೊಕ್ಕ ಬೇರೊಂದಿಲ್ಲ ಎಂದು ಭಾಮೈದ ಹತ್ತು ಸಲ ಹೇಳಿದ್ದ. ನೇರ ಕೆಳಕ್ಕೆ ಬಿಡಲು ಬಾವಿಗಿಂತ ಒಳ್ಳೆಯ ಜಾಗ ಯಾವುದು? ಆ ಕಾಲದಲ್ಲಿ ಪಾತಾಳಗರಡಿ ಬಿಟ್ಟು ಹುಡುಕಿದ್ದೆವು. ಅದರ ಹಗ್ಗವೂ ಹೋಗಿ ಪಾತಾಳಗರಡಿಯೇ ಪಾತಾಳ ಸೇರಿತ್ತು. ಆಮೇಲೆ ಬೋರ್‌ವೆಲ್ ಬಂತು, ಬಾವಿಯನ್ನು ಎಲ್ಲರೂ ಮರೆತರು.

ಮಾರನೆಯ ದಿನ ನಡು ಮಧ್ಯಾಹ್ನ. ನಲವತ್ತಡಿ ಬಾವಿಯಲ್ಲಿ ಆಳೆತ್ತರ ನೀರೂ ಇರಲಿಲ್ಲ. ಹೆಂಡತಿ ಕೋಣೆಯ ಕನ್ನಡಿ ತಂದು ಬಿಸಿಲನ್ನು ಬಾವಿಯೊಳಕ್ಕೆ ತಿರುಗಿಸಿ ಹಿಡಿದಳು. ಮದುವೆಯಾದ ಮೇಲೆ ನನ್ನ ಯಾವ ಹವ್ಯಾಸಕ್ಕೂ ಅವಳು ಕೈಜೋಡಿಸಿದ್ದು ಅದೇ ಮೊದಲು. ಅವಳಿಗೂ ಆ ಚೊಂಬಿನ ಲೆಕ್ಕ ಮುಗಿಯಬೇಕಿತ್ತು. ಪೆಟ್ಟಿಗೆಯಲ್ಲಿದ್ದ ಅತಿ ದೊಡ್ಡ ಗಾಳ, ಅತಿ ಭಾರದ ಗುಂಡು ಆರಿಸಿದೆ. ಗಂಟು ಹಾಕಿಕೊಟ್ಟವಳು ಅವ್ವ. ಮೆಲ್ಲಗೆ ಇಳಿಸಿದೆ. ಕೆಸರಿಗೆ ತಾಗಿದರೆ ಬೆರಳಿಗೆ ಏನೂ ತಿಳಿಯದಷ್ಟು ಮೆತ್ತಗೆ, ಕಲ್ಲಿಗೆ ತಾಗಿದರೆ ಟಕ್ಕೆಂದು. ಎತ್ತಿ, ಒಂದು ಗೇಣು ಸರಿಸಿ, ಮತ್ತೆ ಇಳಿಸಿ, ಹೀಗೆ ಬಾವಿಯ ತಳವನ್ನೆಲ್ಲ ತಡಕಿದೆ. ಒಂದು ಗಂಟೆಯ ಮೇಲೆ ದಾರದಲ್ಲಿ ಬೇರೆಯದೇ ಒಂದು ನಡುಕ ಏರಿ ಬಂತು. ಕಲ್ಲಲ್ಲ, ಕೆಸರಲ್ಲ. ಕಂಚುಗಾರರ ಬೀದಿಯ ನಡುಕ. ದಾರ ನಡುಗಿಸಿದೆ. ಗಾಳಕ್ಕೆ ಏನೋ ಸಿಕ್ಕಿತು. ಸೆಟೆಯಬಾರದು, ಸಡಿಲ ಸುತ್ತಿಕೊಳ್ಳಬೇಕು, ಮೆಲ್ಲಗೆ ಎತ್ತಬೇಕು. ಎಂಟು ಪೌಂಡಿನ ದಾರ. ಎಂದರೆ ಮೂರೂವರೆ ಕೆಜಿಗೆ ಹರಿಯುತ್ತದೆ. ನಲವತ್ತಡಿಯನ್ನು ಎತ್ತಲು ಹತ್ತು ನಿಮಿಷ ಹಿಡಿಯಿತು. ಕಪ್ಪಗೆ, ಪಾಚಿ ಮೆತ್ತಿಕೊಂಡು, ಬಾಯಿ ಕೆಳಗೆ ಮಾಡಿ ನೀರು ಸುರಿಸುತ್ತಾ ಚೊಂಬು ಬಾವಿಕಟ್ಟೆಗೆ ಬಂತು. ಗಾಳ ನಾಟಿದ್ದು ಅದರ ಕೊರಳಿಗೆ ಸುತ್ತಿದ್ದ ನೀಲಿ ನೈಲಾನ್ ಹಗ್ಗಕ್ಕೆ.

ಅವ್ವ ಚೊಂಬನ್ನು ಎದೆಗವಚಿಕೊಂಡಳು. ನಾನು ಕಡ್ಡಿ ಮೇಲೆತ್ತಿ, ಫೋಟೋ ತೆಗೆಯಲು ಯಾರಾದರೂ ಇದ್ದಾರಾ ಎಂದು ಸುತ್ತ ನೋಡಿದೆ. ಹೆಂಡತಿ ಕನ್ನಡಿ ಕೆಳಗಿಟ್ಟು ಹಗ್ಗದ ತುದಿಯನ್ನು ಕೈಗೆ ತೆಗೆದುಕೊಂಡಳು.

"ಅತ್ತೆ, ಇದನ್ನ ನೋಡಿ."

ಕಡಿದ ಹಗ್ಗದ ತುದಿ ಪೊರಕೆಯಂತೆ ಬಿಚ್ಚಿಕೊಂಡಿರಬೇಕು. ಇದು ನುಣ್ಣಗಿತ್ತು. ಬೆಂಕಿಕಡ್ಡಿ ಗೀರಿ ಸುಟ್ಟು ಮುದ್ದೆ ಮಾಡಿದ ತುದಿ. ಅಂಗಡಿಯಿಂದ ತಂದ ದಿನ ಹಗ್ಗ ಬಿಚ್ಚದಿರಲೆಂದು ಸುಟ್ಟವನು ನಾನೇ. ಅದರ ಹಿಂದೆ ಎರಡು ಬೆರಳು ದೂರದಲ್ಲಿ ಒಂದು ಗಂಟಿನ ಸುರುಳಿ ಇನ್ನೂ ಹಾಗೇ ಮಡಿಚಿಕೊಂಡಿತ್ತು. ಆ ಬೇಸಿಗೆ ಬಾವಿಯ ನೀರು ಕೆಳಗಿಳಿದು ಹಗ್ಗ ಸಾಲದೆ, ಇನ್ನೊಂದು ತುಂಡು ಸೇರಿಸಿ ಗಂಟು ಹಾಕಿಕೊಟ್ಟವನೂ ನಾನೇ. ಮೇಲೆ ಉಳಿದ ತುಂಡನ್ನು ಆ ಸಂಜೆಯೇ ಕರು ಕಟ್ಟಲು ಕೊಟ್ಟಿಗೆಗೆ ಒಯ್ದವನೂ ನಾನೇ. ಯಾಕೆ ಒಯ್ದೆ ಎಂದು ಈಗ ಕೇಳಬೇಡಿ. ಪಾತಾಳಗರಡಿಗೆ ಹಗ್ಗ ಕಟ್ಟಿದವರು ಯಾರು ಎಂದೂ ಕೇಳಬೇಡಿ.

ಹಗ್ಗ ಕಡಿದಿರಲಿಲ್ಲ. ಗಂಟು ಬಿಚ್ಚಿತ್ತು.

ಬಾವಿಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ತಮಾಷೆ ನೋಡಲು ಬಂದು ನಿಂತಿದ್ದ ರೈಟರ್ ಮೆಣಸಿನ ಬಳ್ಳಿ ನೋಡುವ ನೆಪದಲ್ಲಿ ಹಿಂದೆ ಹಿಂದೆ ಸರಿದು ಹೋದರು. ಹೆಂಡತಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಅಂತೂ ನಿಮ್ಮ ಗಾಳಕ್ಕೆ ಒಂದು ದೊಡ್ಡದು ಬಿತ್ತು" ಎಂದಳು. ಎಂಬತ್ತೆರಡು ಕೆಜಿ ಇದ್ದೇನೆ. ವ್ಯಾನ್ ಇಂಗೆನ್ನರ ಮಹಶೀರಿಗಿಂತ ಭಾರ.

ಅವ್ವ ಸೊಸೆಗೆ ಏನೂ ಹೇಳಲಿಲ್ಲ. ಹುಣಸೆಹಣ್ಣು ತಂದು ಕೂತು ಸಂಜೆವರೆಗೂ ಚೊಂಬು ತಿಕ್ಕಿದಳು. ಹಳದಿ ಹೊಳಪು ಬಂದ ಮೇಲೆ ಎದ್ದು ಹೋಗಿ ಅದನ್ನು ಸೊಸೆಯ ಕೈಗೆ ಕೊಟ್ಟು, "ನೀನೇ ತುಂಬ್ಕೊಂಡು ಬಾ ತಾಯಿ" ಎಂದಳು. ಹೆಂಡತಿ ಬೋರ್‌ವೆಲ್ಲಿನ ನಲ್ಲಿಯಲ್ಲಿ ತುಂಬಿದಳು. ಹತ್ತೊಂಬತ್ತು ವರ್ಷದ ಮೊಕದ್ದಮೆ ಅಷ್ಟರಲ್ಲಿ ಮುಗಿಯಿತು. ಖರ್ಚು ನನ್ನ ತಲೆಗೆ.

ಈಗ ಕಡ್ಡಿ ಬಾವಿಕಟ್ಟೆಯ ಪಕ್ಕ, ಹಿಂದೆ ಪಾತಾಳಗರಡಿ ನೇತುಹಾಕುತ್ತಿದ್ದ ಮೊಳೆಯಲ್ಲಿದೆ. ಕೆರೆಯ ಮೂರಂತಸ್ತಿನವರೂ ಕ್ಷೇಮ. ಉಳಿದರ್ಧ ಪೊಟ್ಟಣ ಹುಳವನ್ನು ಏಡಿಗಳಿಗೇ ಬಿಟ್ಟುಕೊಡೋಣವೆಂದಿದ್ದೆ. ಪ್ಲಾಸ್ಟಿಕ್ಕನ್ನು ಕೆರೆಗೆ ಹಾಕಿದರೆ ಮನೆಗೆ ಬರುವುದಿಲ್ಲ ಎಂದು ಮಗಳು ಹೆದರಿಸಿದ್ದರಿಂದ ಅವು ಇನ್ನೂ ಗೋಡೌನಿನಲ್ಲೇ ಇವೆ.

ಆಲೂರು, ಸಕಲೇಶಪುರದ ಆಸುಪಾಸಿನಲ್ಲಿ ಯಾರ ಬಾವಿಗಾದರೂ ಚೊಂಬು, ಕೊಡಪಾನ, ಬೀಗದ ಗೊಂಚಲು ಬಿದ್ದಿದ್ದರೆ ಬೇಕರಿಯಲ್ಲಿ ಹೇಳಿ ಹೋಗಿ, ಬಂದು ತೆಗೆದುಕೊಡುತ್ತೇನೆ. ಬಾಡಿಗೆ ಏನೂ ಬೇಡ, ಒಂದು ಲೋಟ ಕಾಫಿ ಸಾಕು. ಎರಡು ಲೋಟವಾದರೆ ಒಳ್ಳೆಯದು, ಗಂಟು ಹಾಕಲು ಅವ್ವನೂ ಜೊತೆಗೆ ಬರುತ್ತಾಳೆ.